ಮಾಂತುವಾದ ಆಟದ ಮನೆ

ಕ್ರಿ. ಶ. 1416ರಲ್ಲಿ ಪೊಜ್ಜೊ ಬ್ರಾಚ್ಚೊಲೀನಿಯೆಂಬ ಇಟಲಿಯ ವಿದ್ವಾಂಸನು ಸ್ವಿಟ್ಸರ್ಲೆಂಡಿನ ಸೇಂಟ್ ಗಾಲ್ ಮಠದಲ್ಲಿ ಹಳೆಯ ಹಸ್ತಪ್ರತಿಗಳನ್ನು ಹುಡುಕುತ್ತಿದ್ದಾಗ, ರೋಮಿನ ಪ್ರಾಚೀನ ಉಪಾಧ್ಯಾಯನಾದ ಕ್ವಿಂತಿಲಿಯನನು ವಾಗ್ಮಿಯ ಶಿಕ್ಷಣವನ್ನು ಕುರಿತು ಬರೆದ ಗ್ರಂಥದ ಪೂರ್ಣಪಾಠವು ಅವನಿಗೆ ದೊರೆಯಿತು. ಅಲ್ಲಿಯವರೆಗೆ ವಿದ್ವಾಂಸರ ಕೈಯಲ್ಲಿದ್ದುದು ಅದರ ಹರಕುಮುರುಕು ಭಾಗಗಳು ಮಾತ್ರ. ಮಗುವನ್ನು ಹೊಡೆದು ಕಲಿಸಬಾರದು, ಆಟದ ಮೂಲಕ ಅಕ್ಷರಗಳ ಪರಿಚಯವಾಗಬೇಕು, ಒಬ್ಬೊಬ್ಬ ಬಾಲಕನ ಸ್ವಭಾವವನ್ನು ಅರಿತು ಪಾಠ ಹೇಳಬೇಕು ಎಂಬ ಮಾತುಗಳು ಅದರಲ್ಲಿದ್ದುವು. ಅದನ್ನು ಓದಿ ಮೆಚ್ಚಿದವರು ಅನೇಕರು; ಅದರಂತೆ ಒಂದು ಪಾಠಶಾಲೆಯನ್ನು ನಡೆಯಿಸಿ ತೋರಿಸಿದವನೆಂದು ಇತಿಹಾಸವು ಮುಖ್ಯವಾಗಿ ನೆನೆಯುವುದು ವಿತ್ತೊರಿನೊ ದ ಫೆಲ್ತ್ರೆ ಎಂಬ ಬಡ ಉಪಾಧ್ಯಾಯನನ್ನು.

ಅಂದಿನ ಪಾಠಶಾಲೆಗಳ ಸ್ಥಿತಿಯನ್ನು ತಿಳಿಯದೆ ಈತನ ಕಾರ್ಯದ ಬೆಲೆ ತಿಳಿಯದು. ಲ್ಯಾಟಿನ್ ವ್ಯಾಕರಣವನ್ನು ಬಾಲಕರು ಕಲಿಯುತ್ತಿದ್ದುದು ಹೆಚ್ಚಾಗಿ 'ದೊಕ್ತ್ರಿನಾಲೆ' ಎಂಬ ಪದ್ಯಗ್ರಂಥದಿಂದ. 1199ರ ಸುಮಾರಿಗೆ ರಚಿತವಾದ ಆ ಗ್ರಂಥದಲ್ಲಿ 2,600ಕ್ಕೂ ಹೆಚ್ಚು ಪಂಕ್ತಿಗಳಿದ್ದುವು. ಅರ್ಥವಾಗಲಿ ಬಿಡಲಿ, ಬಾಲಕನು ಅದನ್ನು ಕಂಠಪಾಠ ಮಾಡಬೇಕು, ತಪ್ಪಿದರೆ ಬೆತ್ತ. ಅಮರಕೋಶವನ್ನು ಉರುಹೊಡೆದು ಬೆಳೆದ ಮನೆತನಗಳಿಗೆ ಈ ಚಿತ್ರವು ಅಪರಿಚಿತವಲ್ಲ. ವ್ಯಾಕರಣವು ಮುಗಿದೊಡನೆ ತರ್ಕವು ಕಾದಿರುತ್ತಿತ್ತು. ಕಾವ್ಯವೂ ಇತಿಹಾಸವೂ ಬಹುಮಂದಿಗೆ ದೂರದ ಬೆಟ್ಟಗಳು.

ವಿತ್ತೊರಿನೊವು ಸುಮಾರು 1378ರಲ್ಲಿ ಆಲ್ಪ್ಸ್ ಪರ್ವತದ ತಪ್ಪಲಿನ ಫೆಲ್ತ್ರೆ ಎಂಬ ಊರಿನಲ್ಲಿ ಹುಟ್ಟಿದನು. 1396ರಲ್ಲಿ ಪಾದುವಾ ವಿಶ್ವವಿದ್ಯಾಲಯಕ್ಕೆ ಬಂದು, ಚಿಕ್ಕ ಹುಡುಗರಿಗೆ ಪಾಠ ಹೇಳಿ ಹೊಟ್ಟೆ ಹೊರೆದುಕೊಳ್ಳುತ್ತ ತಾನೂ ಓದಿದನು. ಗಣಿತವನ್ನು ಕಲಿಯಬೇಕೆಂಬ ಆಸೆ ಆತನಿಗೆ ಬಹಳವಾಗಿದ್ದಿತು. ಆ ಶಾಸ್ತ್ರದಲ್ಲಿ ಪ್ರಸಿದ್ಧನಾಗಿದ್ದ ಬಿಯಾಜೊ ಪೆಲಕಾನಿಯು ಹಣವಿಲ್ಲದೆ ಬಾಯಿ ಬಿಡುವವನಲ್ಲ. ಆದುದರಿಂದ ವಿತ್ತೊರಿನೊವು ಅವನ ಮನೆಯಲ್ಲಿ ಆಳಾಗಿ ನಿಂತು ಪಾತ್ರೆ ತೊಳೆದನೆಂದು ಶಿಷ್ಯರು ಬರೆದ ಚರಿತ್ರೆಗಳು ಹೇಳುತ್ತವೆ. ಗುರುವಿನ ಮನೆಯ ಸೇವೆಯು ಭಾರತದ ವಿದ್ಯಾರ್ಥಿಗಳಿಗೆ ಹೊಸದಲ್ಲ. ಆದರೆ ಈ ಗುರುವು ಸೇವೆಯಿಂದಲೂ ಒಲಿಯಲಿಲ್ಲ. ಕೊನೆಗೆ ಶಿಷ್ಯನು ಯೂಕ್ಲಿಡನ ಗ್ರಂಥವನ್ನು ತಾನೇ ಓದಿ ಗಣಿತಜ್ಞನಾದನು. ಮುಂದೆ ತನ್ನ ಮನೆಯಲ್ಲಿ ಬಡ ಹುಡುಗರಿಂದ ಆತನು ಒಂದು ಕಾಸನ್ನೂ ಕೇಳದಿದ್ದುದಕ್ಕೆ ಈ ಅನುಭವವೂ ಒಂದು ಕಾರಣವಾಗಿರಬೇಕು.

1422ರಲ್ಲಿ ಪಾದುವಾದ ವಾಗ್ಮಿತಾಶಾಸ್ತ್ರದ ಪೀಠವು ಆತನಿಗೆ ದೊರೆಯಿತು. ಬಹುಕಾಲ ಅಲ್ಲಿ ನಿಲ್ಲದೆ ವೆನಿಸಿಗೆ ಹೋಗಿ ಶಾಲೆ ತೆರೆದನು. 1423ರಲ್ಲಿ ಮಾಂತುವಾದ ಪ್ರಭುವಾದ ಜಾನ್‌ಫ್ರಾಂಚೆಸ್ಕೊ ಗೊಂಜಾಗನು ತನ್ನ ಮಕ್ಕಳಿಗೆ ಗುರುವಾಗಬೇಕೆಂದು ಕರೆಕಳುಹಿದನು. ಆಸ್ಥಾನಗಳ ಸಹವಾಸ ಬೇಡವೆನ್ನುತ್ತಿದ್ದ ವಿತ್ತೊರಿನೊವು, ಇಬ್ಬರ ಗೌರವಕ್ಕೂ ಕುಂದು ತರುವ ಕೆಲಸವನ್ನು ಹೇಳದಿರುವವರೆಗೆ ಮಾತ್ರ ಇರುವೆನೆಂದು ಕರಾರು ಮಾಡಿಕೊಂಡು ಒಪ್ಪಿದನು. ಆಶ್ರಯವನ್ನು ಬೇಡಲು ಹೋಗುವ ಪಂಡಿತರೇ ಹೆಚ್ಚಾಗಿದ್ದ ಕಾಲದಲ್ಲಿ ಇದು ಸಾಮಾನ್ಯವಾದ ಮಾತಲ್ಲ.

ಪ್ರಭುವು ಪಾಠಶಾಲೆಗೆಂದು ಕೊಟ್ಟುದು ಒಂದು ವಿಲಾಸಭವನ. ಅದರ ಹೆಸರು 'ಜೊಯೋಸ', ಎಂದರೆ ಸಂತೋಷದ ಮನೆ. ವಿತ್ತೊರಿನೊವು ಒಂದಕ್ಷರವನ್ನು ತಿದ್ದಿ ಅದನ್ನು 'ಜೊಕೋಸ', ಆಟದ ಮನೆಯೆಂದು ಕರೆದನು. ಲ್ಯಾಟಿನಿನಲ್ಲಿ ಆಟಕ್ಕೂ ಪಾಠಶಾಲೆಗೂ 'ಲೂಡುಸ್' ಎಂಬುದೊಂದೇ ಶಬ್ದವೆಂಬುದನ್ನು ನೆನೆದರೆ ಈ ನಾಮಕರಣದ ಸ್ವಾರಸ್ಯವು ಹೊಳೆಯುತ್ತದೆ. ಬೆಲೆಬಾಳುವ ಅಲಂಕಾರವಸ್ತುಗಳನ್ನು ಆತನು ಹೊರಗೆ ಕಳುಹಿಸಿದನು. ಗೋಡೆಗಳ ಮೇಲೆ ಆಡುವ ಮಕ್ಕಳ ಚಿತ್ರಗಳನ್ನು ಬರೆಯಿಸಿದನು. ರಾಜಕುಮಾರರ ಸುತ್ತ ಸೇರಿದ್ದ ಸೋಮಾರಿ ಸಂಗಾತಿಗಳನ್ನೂ ಕಳುಹಿಸಿಬಿಟ್ಟನು. ಹಿರಿಯ ಕುಮಾರ ಲೊದೊವಿಕೊವು ಸ್ಥೂಲಕಾಯನು, ತಿಂಡಿಪೋತ. ಅವನ ತಮ್ಮ ಕಾರ್ಲೊವು ಕಡ್ಡಿಯಂತೆ ಬೆಳೆಯುತ್ತಿದ್ದವನು. ಇಬ್ಬರಿಗೂ ಬೇರೆ ಬೇರೆ ಊಟದ ಕ್ರಮವನ್ನು ಗೊತ್ತುಮಾಡಿ, ಓಟ, ಈಜು, ಕುದುರೆಸವಾರಿಗಳನ್ನು ಪಾಠದಷ್ಟೇ ನಿಯಮದಿಂದ ಮಾಡಿಸಿದನು.

ರಾಜಕುಮಾರರ ಪಕ್ಕದಲ್ಲಿಯೇ ಬಡವರ ಮಕ್ಕಳೂ ಕುಳಿತರು. ಅವರಿಗೆ ಅನ್ನವಸ್ತ್ರಗಳೂ ಪುಸ್ತಕಗಳೂ ಉಚಿತ. ತನ್ನ ಸಂಬಳವು ಮುಗಿದು ಸಾಲವಾದಾಗ ಗುರುವು ಸಂಕೋಚವಿಲ್ಲದೆ ಪ್ರಭುವಿನ ಮುಂದೆ ಲೆಕ್ಕವನ್ನು ಇಡುತ್ತಿದ್ದನಂತೆ.

ಪಾಠಕ್ರಮದ ತಿರುಳು ವರ್ಜಿಲ್, ಹೋಮರ್, ಸಿಸೆರೊ, ಡೆಮಾಸ್ಥೆನೀಸರು. ವರ್ಜಿಲನು ಮಾಂತುವಾ ಸೀಮೆಯಲ್ಲಿಯೇ ಹುಟ್ಟಿದವನಾದುದರಿಂದ ಅವನ ಕಾವ್ಯದ ಹೊಲಗದ್ದೆಗಳು ಬಾಲಕರ ಕಣ್ಣಿಗೆ ಕಾಣುತ್ತಿದ್ದುವು. ಇವುಗಳ ಜೊತೆಗೆ ಇತಿಹಾಸ, ನೀತಿಶಾಸ್ತ್ರ, ಸಂಗೀತ, ರೇಖಾಗಣಿತ. ಹೊತ್ತುಹೊತ್ತಿಗೆ ವಿಷಯವನ್ನು ಬದಲಾಯಿಸಿ ಬುದ್ಧಿಗೆ ಆಯಾಸವಾಗದಂತೆ ನೋಡಿಕೊಳ್ಳುತ್ತಿದ್ದನು. ಬೆತ್ತದ ಬಳಕೆಯು ಅತ್ಯಪೂರ್ವ. 'ಮಾನವಿಕ ವಿದ್ಯೆ'ಯೆಂದರೆ ಗಣಿತಕ್ಕೆ ಎದುರಾದ ಪಂಗಡವೆಂದು ಈಚಿನ ಕಾಲೇಜುಗಳು ಮಾಡಿಕೊಂಡ ವಿಭಾಗವು ಈ ಮನೆಗೆ ತಿಳಿದಿರಲಿಲ್ಲ. ಪಿಸಾನೆಲ್ಲೊ ಎಂಬ ಶಿಲ್ಪಿಯು ಎರಕಹೊಯ್ದ ಪದಕವು ವಿತ್ತೊರಿನೊವನ್ನು ಮೊದಲು ಗಣಿತಜ್ಞನೆಂದೂ ಆಮೇಲೆ ಸಕಲ ಮಾನವಿಕ ವಿದ್ಯೆಗಳ ಪಿತನೆಂದೂ ಕರೆಯುತ್ತದೆ.

ಫಲವೂ ಕಂಡಿತು. 1433ರಲ್ಲಿ ಸಮ್ರಾಟ ಸಿಗಿಸ್ಮುಂಡನು ಮಾಂತುವಾಕ್ಕೆ ಬಂದುದನ್ನು ವರ್ಣಿಸಿ ಕುಮಾರ ಜಾನ್‌ಲೂಚಿದೊವು ಸುಮಾರು 200 ಪಂಕ್ತಿಗಳ ಲ್ಯಾಟಿನ್ ಪದ್ಯವನ್ನು ಕಟ್ಟಿದನು. ಅವನ ತಂಗಿ ಚೆಚೀಲಿಯಳು ಎಂಟರ ಆಸುಪಾಸಿನಲ್ಲಿಯೇ ಗ್ರೀಕನ್ನು ಅಂದವಾಗಿ ಬರೆಯುತ್ತಿದ್ದುದನ್ನು ಕಂಡು ಆಂಬ್ರೋಜೊ ತ್ರಾವೆರ್ಸಾರಿಯಂಥ ಪಂಡಿತನೇ ಬೆರಗಾದನು. ಆದರೆ ಓದಿದ ಹುಡುಗಿಗೆ ಸ್ವಂತ ಮನಸ್ಸೂ ಇರುತ್ತದೆ. ತಂದೆಯು ಆಕೆಯನ್ನು ಊರ್ಬಿನೊದ ಒದ್ದಾಂತೊನಿಯೊವಿಗೆ ಕೊಡಲು ನಿಶ್ಚಯಿಸಿದಾಗ, ತಾನು ಸನ್ಯಾಸಿನಿಯಾಗುವೆನೆಂದು ಆಕೆ ಹಟ ಹಿಡಿದಳು. ಅನ್ನ ಕೊಡುವ ಧಣಿಯು ಒಂದು ಕಡೆ, ಶಿಷ್ಯೆಯು ಇನ್ನೊಂದು ಕಡೆ. ವಿತ್ತೊರಿನೊವು ಶಿಷ್ಯೆಯ ಪಕ್ಷದಲ್ಲಿ ನಿಂತನು. 1444ರಲ್ಲಿ ಆ ವರನು ಊರ್ಬಿನೊದಲ್ಲಿ ಕೊಲೆಯಾದನು. ಅದೇ ವರ್ಷ ತಂದೆಯೂ ತೀರಿಕೊಂಡನು. ಬಳಿಕ ಚೆಚೀಲಿಯಳು ತಾಯಿಯೊಡನೆ ಮಠವನ್ನು ಸೇರಿದಳು. ಆಕೆಯ ವಿದ್ಯೆಗೆ ಮದುವೆ, ಮಠಗಳ ಹೊರತು ಮೂರನೆಯ ದಾರಿಯನ್ನು ಅಂದಿನ ಸಮಾಜವು ಇಟ್ಟಿರಲಿಲ್ಲ. ಆ ದಾರಿಯನ್ನು ತೆರೆಯುವುದು ಗುರುವಿಗೂ ಸಾಧ್ಯವಾಗಲಿಲ್ಲ.

ಇನ್ನೊಂದು ಕೊರತೆಯನ್ನೂ ಮುಚ್ಚಿಡಬೇಕಾಗಿಲ್ಲ. ಡಾಂಟೆ, ಪೆಟ್ರಾರ್ಕ್, ಬೊಕಾಚ್ಚಿಯೊ ಮುಂತಾದವರು ಇಟಲಿಯ ಆಡುಮಾತನ್ನು ಕಾವ್ಯಪದವಿಗೆ ಏರಿಸಿ ಅದಾಗಲೇ ಬಹುಕಾಲವಾಗಿದ್ದರೂ, ಆಟದ ಮನೆಯ ಪಾಠದಲ್ಲಿ ಅದಕ್ಕೆ ಮಣೆ ಹಾಕಿರಲಿಲ್ಲ. ಮಕ್ಕಳು ಅಂಗಳದಲ್ಲಿ ಆಡಿದ ನುಡಿಯು ಹೊಸ್ತಿಲಲ್ಲಿಯೇ ನಿಂತಿತು. ಮಗುವಿನ ಮೈಯನ್ನೂ ಮನಸ್ಸನ್ನೂ ಅಷ್ಟು ಸೂಕ್ಷ್ಮವಾಗಿ ಗಮನಿಸಿದವನಿಗೆ ಅದರ ನಾಲಗೆಯ ಮೇಲಿನ ನುಡಿ ಪಾಠಕ್ಕೆ ತಕ್ಕುದೆಂದು ತೋರದೆ ಹೋದುದು ಆಶ್ಚರ್ಯವೇ ಸರಿ.

ಈ ವಿದ್ಯೆಯಿಂದ ಸಜ್ಜನರು ಸಿದ್ಧರಾದರೇ ಎಂಬ ಪ್ರಶ್ನೆಗೆ ಉತ್ತರ ಸುಲಭವಲ್ಲ. ಲೊದೊವಿಕೊವು 1436ರಲ್ಲಿ ತಂದೆಯ ಇಷ್ಟಕ್ಕೆ ವಿರೋಧವಾಗಿ ಮಿಲಾನಿನ ಪ್ರಭುವಿನ ಸೈನ್ಯವನ್ನು ಸೇರಿದನು. ತಂದೆಯು ಕೋಪದಿಂದ ಅವನ ಹಕ್ಕನ್ನು ಕಿತ್ತು ಕಾರ್ಲೊವಿಗೆ ಕೊಟ್ಟನು. ವೃದ್ಧನಾಗುತ್ತಿದ್ದ ಗುರುವು ಇಬ್ಬರನ್ನೂ ಒಂದುಗೂಡಿಸಲು ಪ್ರಯತ್ನಿಸಿದನು. 1440ರಲ್ಲಿ ರಾಜಿಯೂ ಆಯಿತು. ಆದರೂ 1453ರಲ್ಲಿ ಒಂದೇ ಮಣೆಯ ಮೇಲೆ ಕುಳಿತು ಓದಿದ ಅಣ್ಣತಮ್ಮಂದಿರು ರಣರಂಗದಲ್ಲಿ ಎದುರುಬದುರಾದರು. ಅದನ್ನು ನೋಡಲು ವಿತ್ತೊರಿನೊವು ಬದುಕಿರಲಿಲ್ಲ. ಅದೇ ಲೊದೊವಿಕೊವೇ ಮುಂದೆ ಮಾಂತೆಞ್ಞನೆಂಬ ಚಿತ್ರಕಾರನನ್ನೂ ಆಲ್ಬೆರ್ತಿಯೆಂಬ ಸ್ಥಪತಿಯನ್ನೂ ಕರೆಯಿಸಿ ತನ್ನ ಪಟ್ಟಣವನ್ನು ಬೆಳಗಿಸಿದನೆಂಬುದನ್ನೂ ಹೇಳಬೇಕು. ರಾಜರಲ್ಲದ ಶಿಷ್ಯರ ಕೆಲಸವು ಇದಕ್ಕಿಂತ ಗಟ್ಟಿಯಾದುದು: ನಿಕೊಲೊ ಪೆರೊತ್ತಿಯು ಬರೆದ ಹೊಸ ಲ್ಯಾಟಿನ್ ವ್ಯಾಕರಣವು 1473ರಲ್ಲಿ ಅಚ್ಚಾಯಿತು, ಬಡತನದಲ್ಲಿ ಬೆಳೆದ ಜೊವಾನ್ನಿ ಆಂದ್ರೆಯಾ ಬುಸ್ಸಿಯು ರೋಮಿನ ಮೊದಲ ಮುದ್ರಣಾಲಯಕ್ಕೆ ಪ್ರಾಚೀನ ಗ್ರಂಥಗಳನ್ನು ತಿದ್ದಿಕೊಟ್ಟನು.

1446ರ ಫೆಬ್ರವರಿ 2ರಂದು ವಿತ್ತೊರಿನೊವು ತೀರಿಕೊಂಡಾಗ ಶವಸಂಸ್ಕಾರಕ್ಕೆ ಸಾಲುವಷ್ಟು ಹಣವೂ ಆತನ ಮನೆಯಲ್ಲಿರಲಿಲ್ಲ. ಬೋಧನೆಯನ್ನು ಕುರಿತು ಒಂದು ಗ್ರಂಥವನ್ನೂ ಆತನು ಬರೆದಿಡಲಿಲ್ಲ. ಆದರೆ ಬಾಲ್ಯದಲ್ಲಿ ಮಾಂತುವಾದಲ್ಲಿ ಕೆಲಕಾಲ ಓದಿದ ಫೆದೆರಿಗೊ ದ ಮೊಂತೆಫೆಲ್ತ್ರೊ, ಕೂಲಿಗೆ ಯುದ್ಧ ಮಾಡಿ ಐಶ್ವರ್ಯ ಗಳಿಸಿ ಊರ್ಬಿನೊದ ಡ್ಯೂಕನಾದ ಮೇಲೆ, ಅರಮನೆಯ ತನ್ನ ಓದುವ ಕೋಣೆಯಲ್ಲಿ 28 ಮಂದಿ ಮಹಾಪುರುಷರ ಚಿತ್ರಗಳನ್ನು ಹಾಕಿಸಿದನು. ಪ್ಲೇಟೊ, ಅರಿಸ್ಟಾಟಲ್, ವರ್ಜಿಲರ ಸಾಲಿನಲ್ಲಿ ತನ್ನ ಉಪಾಧ್ಯಾಯನಿಗೂ ಒಂದು ಸ್ಥಾನವನ್ನು ಕೊಟ್ಟನು. ಆ ಚಿತ್ರವು ಈಗ ಪ್ಯಾರಿಸಿನ ಲೂವ್ರ್ ಸಂಗ್ರಹಾಲಯದಲ್ಲಿದೆ.