ದೊಡ್ಡದು ಮೊದಲೋ, ಕೆಂಪು ಮೊದಲೋ?

ಕಡಕೊಳದ ಹುಡುಗನೊಬ್ಬನನ್ನು ತಾಯಿ ಕುಂಬಾರರ ಮನೆಗೆ ಕಳುಹಿಸಿದಳೆನ್ನೋಣ. ‘ಎರಡು ದೊಡ್ಡ ಕೆಂಪು ಮಣ್ಣಿನ ಮಡಕೆ ಬೇಕು’ ಎಂದು ಅವನು ಕೇಳುತ್ತಾನೆ. ‘ಮಣ್ಣಿನ ಕೆಂಪು ದೊಡ್ಡ ಎರಡು ಮಡಕೆ’ ಎಂದು ಅವನ ಬಾಯಲ್ಲಿ ಬರುವುದಿಲ್ಲ. ಈ ಕ್ರಮವನ್ನು ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ಅದೇ ಹುಡುಗ ಮೈಸೂರಿನ ಶಾಲೆಗೆ ಬಂದು ಇಂಗ್ಲಿಷ್ ಕಲಿಯತೊಡಗಿದರೆ, ಅಭಿಪ್ರಾಯ, ಗಾತ್ರ, ವಯಸ್ಸು, ಆಕಾರ, ಬಣ್ಣ, ಮೂಲ, ವಸ್ತು ಎಂಬ ಪಟ್ಟಿಯನ್ನು ಬಾಯಿಪಾಠ ಮಾಡಬೇಕಾಗುತ್ತದೆ. ತಪ್ಪಿದರೆ ಕೆಂಪು ಶಾಯಿ.

ಈ ಪಟ್ಟಿ ಬಹಳ ಹಳೆಯದೇನಲ್ಲ. ಇಂಗ್ಲಿಷ್ ವ್ಯಾಕರಣಕಾರರು ಬಹುಕಾಲ ತಮ್ಮ ಭಾಷೆಯನ್ನು ಲ್ಯಾಟಿನ್ನಿನ ಅಚ್ಚಿನಲ್ಲಿ ಎರಕ ಹೊಯ್ದರು. ಲ್ಯಾಟಿನ್ನಿನ ವಿಶೇಷಣ ತನ್ನ ನಾಮಪದದ ಲಿಂಗ, ವಚನ, ವಿಭಕ್ತಿಗಳನ್ನು ಅನುಸರಿಸುತ್ತದೆ. ಯಾವ ಗುಣ ಯಾವುದಕ್ಕೆ ಸೇರಿತೆಂಬುದನ್ನು ಪ್ರತ್ಯಯವೇ ಹೇಳುವುದರಿಂದ ಪದದ ಸ್ಥಾನಕ್ಕೆ ಅಷ್ಟು ಬೆಲೆಯಿಲ್ಲ. 1795ರಲ್ಲಿ ಪ್ರಕಟವಾದ ಲಿಂಡ್ಲಿ ಮರ್ರೇ ಅವರ ಹೆಸರಾಂತ ವ್ಯಾಕರಣವು ಇಂಗ್ಲಿಷ್ ವಿಶೇಷಣಕ್ಕೆ ಇಂಥ ವಿಕಾರಗಳಿಲ್ಲವೆಂದು ಹೇಳಿತು. ವಿಕಾರವಿಲ್ಲದ ಕಡೆ ಸ್ಥಾನವೇ ಕೆಲಸ ಮಾಡಬೇಕೆಂಬ ಮಾತು ತಡವಾಗಿ ಬಂತು. ನಾಮಪದದ ಅರ್ಥಕ್ಕೆ ಹೆಚ್ಚು ಹತ್ತಿರವಾದ ವಿಶೇಷಣ ಅದರ ಪಕ್ಕದಲ್ಲೇ ನಿಲ್ಲುತ್ತದೆಂದು ಹೆನ್ರಿ ಸ್ವೀಟ್ 1898ರಲ್ಲಿ ಬರೆದರು.

ನಮ್ಮ ಕಥೆಯೂ ಇದಕ್ಕಿಂತ ಬೇರೆಯಲ್ಲ. 13ನೆಯ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ವಾಗಲಿ, 1604ರ ಭಟ್ಟಾಕಳಂಕನ ‘ಕರ್ಣಾಟಕ ಶಬ್ದಾನುಶಾಸನ’ವಾಗಲಿ ಸಂಸ್ಕೃತ ವ್ಯಾಕರಣದ ದಾರಿ ಹಿಡಿದ ಗ್ರಂಥಗಳು. ಕೇಶಿರಾಜನ ಎಂಟು ಪ್ರಕರಣಗಳಲ್ಲಿ ಪದಕ್ರಮಕ್ಕೆಂದೇ ಮೀಸಲಾದುದು ಒಂದೂ ಇಲ್ಲ. ಸಂಸ್ಕೃತದಲ್ಲಿ ಮಹಾನ್ ವೃಕ್ಷಃ, ಮಹತೀ ನದೀ, ಮಹತ್ ಫಲಮ್ ಎಂದು ವಿಶೇಷಣ ವೇಷ ಬದಲಿಸುತ್ತದೆ. ಕನ್ನಡದಲ್ಲಿ ಮರವೂ ದೊಡ್ಡ, ನದಿಯೂ ದೊಡ್ಡ, ಹಣ್ಣೂ ದೊಡ್ಡ. ದ್ರಾವಿಡ ಭಾಷೆಗಳ ಈ ಲಕ್ಷಣವನ್ನು ಕಾಲ್ಡ್‌ವೆಲ್ ಪಾದ್ರಿಗಳು 1856ರ ತಮ್ಮ ತೌಲನಿಕ ವ್ಯಾಕರಣದಲ್ಲಿ ಗುರುತಿಸಿದ್ದಾರೆ.

ಮುಮ್ಮಡಿ ಕೃಷ್ಣರಾಜ ಒಡೆಯರು 1833ರಲ್ಲಿ ಮೈಸೂರಿನಲ್ಲಿ ಇಂಗ್ಲಿಷ್ ಶಾಲೆಯನ್ನು ತೆರೆದರು. ಮುಂದೆ ಅದೇ ಮಹಾರಾಜಾ ಕಾಲೇಜಾಗಿ ಬೆಳೆಯಿತು. ಅಲ್ಲಿಂದ ಈಚೆಗೆ ಇಂಗ್ಲಿಷ್ ಕಲಿತ ನಮ್ಮವರು ಲ್ಯಾಟಿನ್ನಿನ ಕಡೆ ಮುಖ ಮಾಡಿದ ಒಂದು ವ್ಯಾಕರಣ, ಸಂಸ್ಕೃತದ ಕಡೆ ಮುಖ ಮಾಡಿದ ಇನ್ನೊಂದು ವ್ಯಾಕರಣ, ಇವೆರಡರ ನಡುವೆ ನಿಂತರು. ವಿಕಾರವಿಲ್ಲದ ವಿಶೇಷಣಗಳನ್ನು ನಾಮಪದದ ಮುಂದೆ ಸಾಲಾಗಿ ನಿಲ್ಲಿಸುವುದರಲ್ಲಿ ಕನ್ನಡವೂ ಇಂಗ್ಲಿಷೂ ನೆಂಟರೆಂಬ ಸಂಗತಿ ಈ ನಡುವೆ ಮರೆಯಾಯಿತು.

ಇಂಗ್ಲಿಷ್ ಮನೆಮಾತಾದವರಿಗೂ ಈ ಕ್ರಮದ ಗುಟ್ಟು ತಿಳಿದಿರಲಿಲ್ಲ. ಕಾದಂಬರಿಕಾರ ಟೋಲ್ಕಿನ್ ಏಳು ವರ್ಷದವರಿರುವಾಗ ಕಥೆಯೊಂದರಲ್ಲಿ ‘ಗ್ರೀನ್ ಗ್ರೇಟ್ ಡ್ರ್ಯಾಗನ್’ ಎಂದು ಬರೆದರಂತೆ. ‘ಗ್ರೇಟ್ ಗ್ರೀನ್’ ಎನ್ನಬೇಕೆಂದು ತಾಯಿ ತಿದ್ದಿದರು. ಏಕೆಂಬುದು ತಮಗೆ ಇನ್ನೂ ಬಗೆಹರಿದಿಲ್ಲವೆಂದು ಅವರು 1955ರಲ್ಲಿ, ಭಾಷಾಶಾಸ್ತ್ರದ ಪ್ರಾಧ್ಯಾಪಕರಾಗಿದ್ದಾಗ, ಪತ್ರವೊಂದರಲ್ಲಿ ಹೇಳಿಕೊಂಡರು.

ಎರಡು ಭಾಷೆಗಳ ಕ್ರಮ ಪೂರ್ತಿಯಾಗಿ ಒಂದೇ ಎಂದಲ್ಲ. ನಾವು ‘ಕಡಕೊಳದ ಎರಡು ದೊಡ್ಡ ಮಡಕೆ’ ಎಂದು ಊರನ್ನು ಮುಂದಿಡಬಲ್ಲೆವು. ಇಂಗ್ಲಿಷಿನವರು ‘ಟೂ ಬಿಗ್ ಕಡಕೊಳ ಪಾಟ್ಸ್’ ಎಂದು ಊರನ್ನು ಮಡಕೆಯ ಪಕ್ಕಕ್ಕೆ ತರುತ್ತಾರೆ. ‘ಕೆಂಪು ದೊಡ್ಡ ಮಡಕೆ, ಕರಿಯದಲ್ಲ’ ಎಂದು ಒತ್ತಿ ಹೇಳುವ ಸ್ವಾತಂತ್ರ್ಯವೂ ನಮಗೆ ಹೆಚ್ಚು. ಕಲಿಸಬೇಕಾದುದು ಈ ವ್ಯತ್ಯಾಸಗಳನ್ನು. ಉಳಿದುದನ್ನು ಹುಡುಗ ಕುಂಬಾರರ ಮನೆಯ ಅಂಗಳದಲ್ಲೇ ಕಲಿತು ಬಂದಿದ್ದಾನೆ. ಅದನ್ನು ಅವನಿಗೆ ನೆನಪಿಸಿದರೆ ಪಟ್ಟಿಯ ಭಯ ಅರ್ಧ ಕಳೆದೀತು, ತನ್ನ ಮಾತಿನ ಮೇಲಿನ ಗೌರವವೂ ಉಳಿದೀತು.