ಕೋಡಿ ಬಿದ್ದ ನೀರು ಎಲ್ಲಿಗೆ ಹೋಗುತ್ತೆ?

ಉಳವಿ ಕಡೆ ಮಳೆಗಾಲದಲ್ಲಿ "ಕೆರೆ ಕೋಡಿ ಬಿತ್ತು" ಅನ್ನೋದು ಕೇಳಿರ್ತೀರಲ್ಲ? ಏರಿ ಒಡೆಯೋ ಮೊದಲೇ ಹೆಚ್ಚಾದ ನೀರನ್ನು ಕೆಳಗಿನ ಕೆರೆಗೆ ದಾಟಿಸೋ ದಾರಿ ಅದು. ಸೊರಬ, ಶಿಕಾರಿಪುರದ ಎಷ್ಟೋ ಕೆರೆಗಳು ಹೀಗೆ ಸರಪಳಿಯಾಗಿವೆ. ಕೆರೆ ಕಟ್ಟಿಸೋದು ಇಲ್ಲಿ ಹಳೇ ಅಭ್ಯಾಸ. ತಾಳಗುಂದದ 5ನೇ ಶತಮಾನದ ಕಂಬದ ಶಾಸನ ಕದಂಬರ ಕಾಕುಸ್ಥವರ್ಮ ಕೆರೆ ಕಟ್ಟಿಸಿದ್ದನ್ನು ಹೇಳುತ್ತೆ. ನಾವು ಮಾತ್ರ ಮಯೂರಶರ್ಮನ ಕಥೆ ಓದಿ ಕೆರೆ ಮರೀತೀವಿ!

2000ರಲ್ಲಿ ಬಂದ ಗ್ನುಟೆಲ್ಲಾ ಫೈಲ್ ಜಾಲಕ್ಕೆ ಇಂಥ ಕೋಡಿ ಇರಲಿಲ್ಲ. ಬಂದ ಹುಡುಕಾಟವನ್ನು ಪ್ರತಿ ಕಂಪ್ಯೂಟರೂ ಪಕ್ಕದವರಿಗೆಲ್ಲ ದಾಟಿಸುತ್ತಿತ್ತು, ಡಯಲ್-ಅಪ್‌ನಲ್ಲಿದ್ದವು ಉಸಿರುಗಟ್ಟಿದವು. ಆಮೇಲೆ ಭಾರವನ್ನು ಗಟ್ಟಿ ಯಂತ್ರಗಳ ಕಡೆ ತಿರುಗಿಸಿದರು.

ಜಾಲದಲ್ಲಿ ಒಂದು ದಾರಿ ಕಟ್ಟಿದರೆ ಕೋರಿಕೆ ಇನ್ನೊಂದು ಹಿಡಿಯುತ್ತೆ. ಇಲ್ಲಿ ಕೋಡಿಹಳ್ಳ ಒತ್ತುವರಿಯಾದರೆ ನೀರಿಗಿರೋ ಇನ್ನೊಂದು ದಾರಿ ಕೆಳಗಿನವರ ಗದ್ದೆ, ಇಲ್ಲಾಂದ್ರೆ ಏರಿನೇ.