ಎಂಟು ಸೆಕೆಂಡಿನ ಕೂಗು

ಕಾರು ಹೊರಡುವ ಮೊದಲೇ ‘ಬೀಪ್ ಬೀಪ್’ ಎಂದು ಕೂಗಿಕೊಂಡರೆ ಯಂತ್ರ ಕೆಟ್ಟಿತೆಂದು ಅಂಜುವವರುಂಟು. ಎಷ್ಟೋ ಸಲ ಕೆಟ್ಟಿರುವುದು ಏನೂ ಇಲ್ಲ. ಪಕ್ಕದ ಆಸನದ ಮೇಲೆ ತರಕಾರಿಯ ಚೀಲವಿದ್ದೀತು. ಆಸನದೊಳಗಿನ ಭಾರಸೂಚಕಕ್ಕೆ ಚೀಲಕ್ಕೂ ಮನುಷ್ಯನಿಗೂ ಭೇದ ತಿಳಿಯದು.

ಈ ಕೂಗಿಗೂ ಒಂದು ಚರಿತ್ರೆಯಿದೆ. ಅಮೆರಿಕೆಯಲ್ಲಿ 1968ರಿಂದ ಹೊಸ ಕಾರುಗಳಿಗೆ ಸೀಟುಪಟ್ಟಿ ಕಡ್ಡಾಯವಾಯಿತು. ಪಟ್ಟಿಯೇನೋ ಬಂದಿತು, ಕಟ್ಟುವವರು ವಿರಳ. 1972ರಲ್ಲಿ ಎಚ್ಚರಿಕೆಯ ದೀಪವೂ ಸದ್ದೂ ಬಂದವು. ಅದೂ ಸಾಲದೆ, 1974ರ ಮಾದರಿಗಳಲ್ಲಿ ಪಟ್ಟಿ ಕಟ್ಟದ ಹೊರತು ಎಂಜಿನ್ ಚಾಲೂ ಆಗದ ಬೀಗವನ್ನೇ ಅಳವಡಿಸಲಾಯಿತು. ದಿನಸಿಯ ಚೀಲವಿಟ್ಟರೂ ಕಾರು ಕದಲದು! ಜನ ಸಿಡಿದೆದ್ದರು. ಅದೇ ವರ್ಷದ ಅಕ್ಟೋಬರಿನಲ್ಲಿ ಅಧ್ಯಕ್ಷ ಫೋರ್ಡರು ಸಹಿ ಮಾಡಿದ ಕಾಯಿದೆ ಆ ಬೀಗದ ಕಡ್ಡಾಯವನ್ನು ತೊಡೆದುಹಾಕಿತು. ಎಂಟು ಸೆಕೆಂಡು ಮೀರಿದ ಸದ್ದನ್ನೂ ಸರಕಾರ ವಿಧಿಸಕೂಡದೆಂದಿತು. ಪ್ರಾಣ ಉಳಿಸುವ ದನಿಗೆ ಹಾಕಿದ ಈ ಕಟ್ಟು ಸಡಿಲಿದ್ದು 2012ರಲ್ಲಿ.

ನಮ್ಮಲ್ಲಿ ಹೊಸ ಕಾರುಗಳಿಗೆ ಈ ಜ್ಞಾಪಕದ ಸದ್ದು ಕಡ್ಡಾಯವಾದದ್ದು 2019ರ ಜುಲೈ 1ರಿಂದ. ಅದರ ಬಾಯಿ ಮುಚ್ಚಿಸುವ ಹುಸಿ ಕೊಂಡಿಗಳೂ ಅಂಗಡಿಗೆ ಬಂದವು. ಆನ್‌ಲೈನ್ ಮಾರಾಟದ ತಾಣಗಳು ಅವನ್ನು ಮಾರಬಾರದೆಂದು 2023ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಆಜ್ಞೆಮಾಡಬೇಕಾಯಿತು.

ಆದುದರಿಂದ, ಕಾರು ಕೂಗಿದಾಗ ಮೊದಲು ಮುಂದಿನ ಫಲಕದಲ್ಲಿ ಯಾವ ಚಿತ್ರ ಬೆಳಗಿದೆಯೆಂದು ನೋಡಬೇಕು. ಪಟ್ಟಿಯ ಚಿತ್ರವಾದರೆ ಚೀಲವನ್ನು ಕೆಳಗಿಳಿಸಿ, ಪಟ್ಟಿ ಬಿಗಿಯಬೇಕು. ಬಾಗಿಲಿನದಾದರೆ ಸರಿಯಾಗಿ ಮುಚ್ಚಬೇಕು. ಅಷ್ಟಾದರೂ ನಿಲ್ಲದಿದ್ದರೆ ಮೆಕ್ಯಾನಿಕ್ ಇದ್ದಾನೆ. ಕಾರಣ ತಿಳಿಯುವ ಮುನ್ನ ದನಿಯನ್ನಡಗಿಸುವುದು ಮಾತ್ರ ಜಾಣತನವಲ್ಲ.